ಬಲೆಯ ಈಚೆ ಏಳು ಬಾಲ

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಬೇರೆಯವರೂ ಅಂದಿದ್ದಾರೆ, ಆದರೆ ಅವರೆಲ್ಲ ನಾನು ಆಚೆ ಹೋದ ಮೇಲೆ ಅಂದರು. ಮಾವ ಮಾತ್ರ ಕೋಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಚಹಾವನ್ನು ಊದಿ ಊದಿ ಕುಡಿಯುತ್ತ, ನನ್ನ ಮುಖಕ್ಕೇ ಅಂದರು.

ಪಶುವೈದ್ಯಕೀಯಕ್ಕೆ ಸೀಟು ಸಿಕ್ಕಿದೆ ಎಂಬ ಕಾಗದ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಮಾವ ಬೊಂಬಾಯಿಯ ಕ್ಯಾಂಟೀನಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು, ಖೋಟಾ ನೋಟು ಪರೀಕ್ಷಿಸುವವರ ಹಾಗೆ.

“ಕಾಣ್ ಹೆಣೆ, ನಮ್ಮನಿ ಹೆಣ್ಣ್ ಡಿಗ್ರಿ ಮಾಡುದೂ ಒಂದೇ, ಆಡೇ ಚೀಲ ಹಿಡ್ಕಂಡ್ ಕುಂದಾಪ್ರ ಸಂತಿಗ್ ಹೋಯಿ ಸಾಮಾನ್ ತಕಂಡ್ ಬಪ್ಪುದೂ ಒಂದೇ. ಎರಡೂ ಆಪುದಲ್ಲ. ಖಾಲಿಪೀಲಿ ಎಂತಕೆ?”

“ಅಣ್ಣ, ಚಾ ತಣ್ಗಾತ್ತ್,” ಅಂದಳು ಅಮ್ಮ. ಅವಳ ಜಗಳ ಅಷ್ಟೇ.

ಮಾವನದು ಪೂರ್ತಿ ತಪ್ಪೂ ಅಲ್ಲ. ನಮ್ಮ ಮನೆಯಲ್ಲಿ ಅದುವರೆಗೆ ಏಳನೇ ಕ್ಲಾಸು ದಾಟಿದವರು ಇರಲಿಲ್ಲ. ಅಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳು. ಬಲೆ ಕೈಗೆ ಸಿಕ್ಕಿದರೆ ಎರಡು ಬೆರಳು ತೂರಿಸಿ ಇದು ಯಾವ ಮೀನಿನ ಬಲೆ ಎಂದು ಕಣ್ಣು ಮುಚ್ಚಿ ಹೇಳುವವಳು. ಆದರೆ ಸಹಿ ಹಾಕು ಎಂದರೆ ಹೆಬ್ಬೆಟ್ಟು ಮುಂದೆ ಮಾಡುವವಳು. ಅಂಥ ಮನೆಯಿಂದ ಹೊರಟು ಐದೂವರೆ ವರ್ಷ ಓದಿದೆ. ಕನ್ನಡ ಮಾಧ್ಯಮದವಳು ನಾನು, ಮೊದಲ ವರ್ಷ ದನದ ಎಲುಬಿಗೆ ಇಷ್ಟೊಂದು ಹೆಸರು ಯಾಕೆ ಬೇಕು ಎಂದೇ ಅರ್ಥವಾಗಲಿಲ್ಲ. ನಮ್ಮಲ್ಲಿ ಮೀನಿಗೆ ಮುಳ್ಳು ಎಂದರೆ ಮುಗಿಯಿತು. ಹಾಸ್ಟೆಲಿನಲ್ಲಿ ಒಣಮೀನಿನ ಚಟ್ನಿಯ ಡಬ್ಬಿ ತೆರೆದ ದಿನ ಸಾಲಿಗೆ ಸಾಲು ಕಿಟಕಿ ತೆರೆದುಕೊಂಡವು. ವಾರ ಕಳೆಯುವುದರೊಳಗೆ ಮೂಗು ಮುಚ್ಚಿಕೊಂಡವರೇ ತಟ್ಟೆ ಹಿಡಿದು ಬಂದರು. ಒಂದು ವಿಷಯದಲ್ಲಿ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ. ಅದನ್ನು ಮುಚ್ಚಿಡುವುದಿಲ್ಲ. ಆ ಫೇಲೂ ಸೇರಿಯೇ ಡಿಗ್ರಿ ನನ್ನದು.

ಡಿಗ್ರಿ ಬಂದ ವರ್ಷ ಮಾವ ಬೊಂಬಾಯಿಯನ್ನು ಬಿಟ್ಟೇ ಬಂದರು. ಕ್ಯಾಂಟೀನು ಮುಚ್ಚಿತ್ತು. ನನ್ನ ಪದವಿಯ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಆಡಿನ ಮಾತನ್ನು ಇವತ್ತಾದರೂ ಹಿಂದೆ ತೆಗೆದುಕೊಳ್ಳುತ್ತಾರೆ ಎಂದು ಕಾದೆ. ಮಾವ ಹಾಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಲ್ಯಾಮಿನೇಷನ್ ಮಾಡ್ಸ್. ಉಪ್ಪಿನ್ ಗಾಳಿಗ್ ಕಾಗದ ಉಳುದಿಲ್ಲೆ,” ಅಂದರು. ಅಷ್ಟೇ. ನಾನು ಲ್ಯಾಮಿನೇಷನ್ ಮಾಡಿಸಿದೆ, ಸಿಟ್ಟಿನಲ್ಲೇ.

ಆಮೇಲೆ ಮಾವ ಮಾಡಿದ್ದು ಇಡೀ ಕುಟುಂಬಕ್ಕೇ ತಮಾಷೆಯ ವಿಷಯವಾಯಿತು. ಕಿರಿಮಂಜೇಶ್ವರದಲ್ಲಿ ಕಡಲ ದಂಡೆಯ ಹಿಂದೆ ಅವರ ಪಾಲಿಗೆ ಬಂದಿದ್ದ ಹೊಯಿಗೆಯ ಮರಳು ಜಾಗದಲ್ಲಿ ಆಡು ಸಾಕಲು ಶುರು ಮಾಡಿದರು. ಮೀನಿನ ಮನೆಯವನಿಗೆ ಆಡು ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಆಡಿಗ್ ತೂಫಾನ್ ಇಲ್ಲೆ.” ಎರಡು ಆಡು ಎಂಟಾಯಿತು, ಎಂಟು ಇಪ್ಪತ್ತಮೂರಾಯಿತು. ಬೊಂಬಾಯಿಯಿಂದ ಬರಿಗೈಯಲ್ಲಿ ಬಂದವನು ಎಂದು ಅಲ್ಲಿಯವರೆಗೆ ಗುರುತಿಸುತ್ತಿದ್ದ ಊರು, ಈಗ ಆಡಿನವರು ಎನ್ನತೊಡಗಿತು. ಆ ಒಂದು ಹೆಸರಿಗಾಗಿ ಮಾವ ಬೆಳಗ್ಗೆ ಐದಕ್ಕೆ ಎದ್ದು ಹಲಸಿನ ಸೊಪ್ಪು ಕಡಿಯುತ್ತಿದ್ದರು. ಕ್ಯಾಂಟೀನಿನ ಯಜಮಾನ ಕೂಡ ಅವರಿಂದ ಅಷ್ಟು ಬೆಳಗ್ಗೆ ಕೆಲಸ ಮಾಡಿಸಿರಲಿಲ್ಲ.

ಆಗ ನಾನು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಒಂದು ದಿನ ಮಾವನ ಫೋನು ಬಂತು.

“ಹ್ವಾಯ್ ಡಾಕ್ಟ್ರಮ್ಮ, ಒಂದ್ ಆಡ್ ತಿಂತೇ ಇತ್ತ್, ಬಡ್ಕಲ್ ಆತೇ ಇತ್ತ್. ನಿನ್ ಪುಸ್ತಕದಾಗ್ ಹೀಂಗ್ ಇತ್ತಾ?”

“ಹುಳದ್ ಮದ್ದ್ ಹಾಕಿದ್ರಿಯಾ ಮಾವ?”

“ಮೂರ್ ಸಲ ಹಾಕಿದೆ. ಇನ್ನ್ ಒಳಗಿಂದ ಆಡೇ ಹೊರಗ್ ಬಪ್ಪುದ್ ಬಾಕಿ.”

ಹೋಗಿ ನೋಡಿದೆ. ಪ್ರದರ್ಶನವೊಂದರಿಂದ ಆಸೆಪಟ್ಟು ತಂದ ಉದ್ದ ಕಿವಿಯ ಹೆಣ್ಣಾಡು. ಬೆನ್ನೆಲುಬು ಮೇಲೆದ್ದಿತ್ತು, ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊತ. ಆದರೆ ತಿನ್ನುವುದನ್ನು ನಿಲ್ಲಿಸಿರಲಿಲ್ಲ, ಹಿಕ್ಕೆಯೂ ಗುಂಡಗೆ ಸರಿಯಾಗಿಯೇ ಬೀಳುತ್ತಿತ್ತು. ಮಾವ ಅದಕ್ಕೆ ದಿನಾ ಗಂಜಿಯಲ್ಲಿ ಒಣ ಸಿಗಡಿಯ ಪುಡಿ ಕಲಸಿ ತಿನ್ನಿಸುತ್ತಿದ್ದರು. ಬಾಣಂತಿಯರಿಗೆ ಹಾಗೆ ಮಾಡಿದರೆ ಮೈ ತುಂಬುತ್ತದಂತೆ.

ದವಡೆಯ ಊತವನ್ನು ಮತ್ತೊಮ್ಮೆ ಒತ್ತಿ ನೋಡಿದೆ. ಇದು ಜೋನ್ಸ್ ಕಾಯಿಲೆ ಇರಬಹುದು ಎಂದೆ. ಕರುಳಿನ ಒಳಪದರ ದಪ್ಪಗಾಗುತ್ತ ಹೋಗಿ, ತಿಂದದ್ದು ಮೈಗೆ ಹತ್ತದ ರೋಗ. ಔಷಧಿ ಇಲ್ಲ. ರೋಗದ ಆಡಿನ ಹಿಕ್ಕೆಯಿಂದ, ಹಾಲಿನಿಂದ ಮರಿಗೆ ಬರುತ್ತದೆ; ಮರಿಯಾಗಿದ್ದಾಗ ಹೊಕ್ಕಿದ್ದು ಎರಡು ಮೂರು ವರ್ಷ ಸದ್ದಿಲ್ಲದೆ ಕೂತಿರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಅದು ಹಿಂಡಿನಲ್ಲಿ ಎಷ್ಟು ಹೊಟ್ಟೆಗೆ ಹೋಗಿದೆ ಎಂದು ನೋಡಿ ಹೇಳಲಾಗುವುದಿಲ್ಲ. ಎಲ್ಲವನ್ನೂ ಪರೀಕ್ಷೆ ಮಾಡಬೇಕು, ರಕ್ತ ಮತ್ತು ಹಿಕ್ಕೆ ಎರಡೂ.

“ಹಿಕ್ಕಿ ಹೆರ್ಕುಕೆ ಐದೂವರಿ ವರ್ಷ ಓದಿದ್ಯಾ?” ಎಂದು ಮಾವ ಕೇಳಿದರು.

“ಹೆರ್ಕುದಲ್ಲ ಮಾವ. ಕೈ ಹಾಕಿ ತೆಗುದ್.”

ಮಾವ ನನ್ನ ಕೈಗವಸನ್ನೂ ಆಡಿನ ಹಿಂಭಾಗವನ್ನೂ ಒಂದು ಸಲ ನೋಡಿ, ಕೊಂಬು ಹಿಡಿದುಕೊಂಡರು.

ಅವತ್ತಿನ ಕೆಲಸ ಮುಗಿಯಲು ಮಧ್ಯಾಹ್ನವಾಯಿತು. ಆಡಿನ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಲು ಮಾವ ಬಿಡಲಿಲ್ಲ. ಬದಲಿಗೆ ಬಲೆ ತೇಲಲೆಂದು ಕಟ್ಟುವ ಪ್ಲಾಸ್ಟಿಕ್ ಬೆಂಡುಗಳ ಮೇಲೆ ಪೇಂಟಿನಲ್ಲಿ ನಂಬರು ಬರೆದು ಕೊರಳಿಗೆ ಕಟ್ಟಿದರು. ಆಮೇಲಿಂದ ಆ ಹಿಂಡು ಗುಡ್ಡೆಯಲ್ಲಿ ಮೇಯುವಾಗ ದೂರದಿಂದ ನೋಡಿದರೆ ಯಾರೋ ನೆಲದ ಮೇಲೆ ಬಲೆ ಬಿಟ್ಟ ಹಾಗೆ ಕಾಣುತ್ತಿತ್ತು. ಕುತ್ತಿಗೆಯ ನರದಿಂದ ರಕ್ತ ತೆಗೆಯುವಾಗ ಮಾವ ಆಡಿನ ಕಿವಿಯಲ್ಲಿ ಹಿಂದಿಯಲ್ಲಿ ಸಮಾಧಾನ ಹೇಳುತ್ತಿದ್ದರು. ಕನ್ನಡ ಯಾಕಲ್ಲ ಎಂದು ಕೇಳಿದೆ. ಹಿಂದಿಯಾದರೆ ಅವಕ್ಕೆ ಅರ್ಥವಾಗುವುದಿಲ್ಲ, ಹೆದರುವುದಿಲ್ಲ ಎಂದರು.

ಮಾದರಿಗಳನ್ನು ತಂಪಾಗಿ ದೂರದ ಲ್ಯಾಬಿಗೆ ಮುಟ್ಟಿಸಬೇಕು. ಅದಕ್ಕೆ ಅಮ್ಮ ಕೋಡಿಯಿಂದ ಮೀನಿನ ಥರ್ಮೋಕೋಲ್ ಪೆಟ್ಟಿಗೆಯನ್ನು ಐಸು ತುಂಬಿಸಿ ಕೊಟ್ಟಳು. ತೊಳೆದಿದ್ದಾಳೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಮೂಸಿ, “ಎಂತ ಮೀನ್ ಅಕ್ಕ?” ಎಂದು ಕೇಳಿದ. ಮೀನಲ್ಲ, ಆಡಿನ ರಕ್ತ ಮತ್ತು ಹಿಕ್ಕೆ ಎಂದೆ. ಆ ಮನುಷ್ಯ ನನ್ನ ಪಕ್ಕದ ಸೀಟಿಗೆ ಯಾರನ್ನೂ ಕೂರಿಸಲಿಲ್ಲ. ಲ್ಯಾಬಿನವರು ಫೋನು ಮಾಡಿ, ಮಾದರಿಗಳೆಲ್ಲ ಸರಿಯಾಗಿವೆ ಮೇಡಂ, ಆದರೆ ಫ್ರಿಜ್ಜಿನಲ್ಲಿ ಬಂಗುಡೆ ವಾಸನೆ ಹೋಗುತ್ತಿಲ್ಲ ಎಂದರು.

ಫಲಿತಾಂಶ ಬಂತು: ಇಪ್ಪತ್ತಮೂರರಲ್ಲಿ ನಾಲ್ಕಕ್ಕೆ ರೋಗ. ಉದ್ದ ಕಿವಿಯದ್ದು ಸೇರಿ.

ಮಾವ ಮೊದಲ ಸಲ ತಮಾಷೆ ಬಿಟ್ಟು ಮಾತಾಡಿದರು. “ಕಾಣ್ ಮಗಾ. ಈ ಹಿಂಡ್ ಉಳುದಾದ್ರೆ ಉಳ್ಸ್. ಇಲ್ದಿದ್ರೆ ಈಗ್ಳೇ ಹೇಳ್. ಎಲ್ಲಾ ಕಟುಕನಿಗ್ ಕೊಟ್ಟ್ ನಾನ್ ತಿರುಗಿ ಬೊಂಬಾಯಿಗ್ ಹೋತೆ. ಅರವತ್ಮೂರಾಯ್ತ್ ನಂಗ್. ಯಾರದೋ ಹೋಟ್ಲಾಗ್ ಟೇಬಲ್ ಒರ್ಸ್ತೆ. ಇಲ್ಲಿ ಮಾತ್ರ ಬರಿಗೈಯಾಗ್ ಕೂಕಂಬುಕೆ ಆತಿಲ್ಲೆ.”

ಉಳಿಸೋಣ ಎಂದೆ. ಎಷ್ಟು ವರ್ಷ ಬೇಕು ಎಂದು ಕೇಳಿದರು. ಮೂರು ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ನಾನು ಅದುವರೆಗೆ ಒಂದು ಹಿಂಡನ್ನೂ ಹಾಗೆ ಉಳಿಸಿರಲಿಲ್ಲ. ಅದನ್ನು ಮಾವನಿಗೆ ಹೇಳಲಿಲ್ಲ.

ನಾಲ್ಕು ಆಡುಗಳನ್ನು ಹಿಂಡಿನಿಂದ ತೆಗೆದೆವು. ಉಳಿದ ಹತ್ತೊಂಬತ್ತೂ ಒಳ್ಳೆಯವು ಎಂದು ಅರ್ಥವಲ್ಲ; ರೋಗ ಇನ್ನೂ ಎಳಸಾಗಿದ್ದರೆ ಪರೀಕ್ಷೆಗೆ ಸಿಕ್ಕುವುದಿಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ ಮತ್ತೆ ರಕ್ತ, ಮತ್ತೆ ಹಿಕ್ಕೆ. ಸೊಪ್ಪನ್ನು ನೆಲಕ್ಕೆ ಹಾಕುವಂತಿಲ್ಲ, ಯಾಕೆಂದರೆ ನೆಲದ ಮೇಲೆ ಹಿಕ್ಕೆ. ಮಾವ ಮೀನಿನ ಕ್ರೇಟುಗಳನ್ನು ಗೋಡೆಗೆ ಎತ್ತರದಲ್ಲಿ ಕಟ್ಟಿ ಅದರಲ್ಲಿ ಸೊಪ್ಪು ಹಾಕಿದರು. ಹಿಕ್ಕೆ ಗೊಬ್ಬರವನ್ನು ಮರಿಗಳಿಗೆ ಹುಲ್ಲು ಕೊಯ್ಯುವ ಜಾಗಕ್ಕೆ ಹಾಕುವಂತಿಲ್ಲ, ತೆಂಗಿನ ಬುಡಕ್ಕೆ ಮಾತ್ರ. ಇಲ್ಲಿಯವರೆಗೆ ಮಾವ ಗೊಣಗುತ್ತ ಒಪ್ಪಿದರು. ಮರಿ ಹುಟ್ಟಿದ ಕೂಡಲೇ, ತಾಯಿಯ ಮೊಲೆಗೆ ಬಾಯಿ ಹಾಕುವ ಮೊದಲೇ ಬೇರೆ ಮಾಡಬೇಕು ಎಂದಾಗ ಮಾತ್ರ ಎದ್ದು ನಿಂತರು.

“ಅಬ್ಬಿ ಹಾಲ್ ಕುಡುಕಾಗ ಅಂದ್ರೆ ಇದ್ ಯಾವ್ ಊರಿನ್ ಶಾಸ್ತ್ರ?”

“ಕುಡಿಲಿ ಮಾವ. ಆರೆ ಬಾಟ್ಲಿಯಾಗ್. ಮೊದಲ ಹಾಲ್ ಕರ್ದ್, ಬಿಸಿ ಮಾಡಿ ಕೊಡಿ. ರೋಗದ ಕ್ರಿಮಿ ಸಾಯ್ಕ್.”

ಹದ ಬಿಸಿ ಎಂದು ಹೇಳಿದ್ದೆ. ಥರ್ಮಾಮೀಟರೂ ಕೊಟ್ಟಿದ್ದೆ. ಮೊದಲ ಮರಿಗಳು ಹುಟ್ಟಿದ ದಿನವೇ ಹೋದಾಗ ಮಾವ ನನ್ನ ಮುಂದೆ ಒಂದು ತಟ್ಟೆ ಇಟ್ಟರು. ಬೆಲ್ಲ ಹಾಕಿ, ಏಲಕ್ಕಿ ಗುದ್ದಿ ಹಾಕಿದ ಬಿಳಿ ಗಟ್ಟಿ ಗಿಣ್ಣು, ಚೌಕ ಚೌಕವಾಗಿ ಕತ್ತರಿಸಿದ್ದು. “ನೀನ್ ಬಿಸಿ ಮಾಡ್ ಅಂದಿ. ಮಾಡಿದೆ. ಗಟ್ಟಿಯಾಯ್ತ್. ಬಾಟ್ಲಿಯಾಗ್ ಹೋಯ್ಲಿಲ್ಲೆ. ತಿನ್, ಲಾಯ್ಕ್ ಇತ್ತ್.” ನಲವತ್ತು ವರ್ಷ ಹಾಲು ಉಕ್ಕಿಸಿ ಚಹಾ ಮಾಡಿದ ಕೈಗೆ ಹದ ಬಿಸಿ ಎಂಬುದು ಗೊತ್ತೇ ಇರಲಿಲ್ಲ. ತಿಂದೆ. ಲಾಯ್ಕೇ ಇತ್ತು. ಪುಣ್ಯಕ್ಕೆ ಹತ್ತಿರದ ಮನೆಯ ದನವೊಂದು ಆಗಷ್ಟೇ ಕರು ಹಾಕಿತ್ತು. ಅದರ ಗಿಣ್ಣುಹಾಲನ್ನು ನಾನೇ ಕೂತು, ಥರ್ಮಾಮೀಟರು ನೋಡುತ್ತ ಬಿಸಿ ಮಾಡಿ ಮರಿಗಳಿಗೆ ಕುಡಿಸಿದೆ.

ಆ ಸಲ ಒಟ್ಟು ಏಳು ಮರಿ ಹುಟ್ಟಿದವು. ಮರಿಗಳಿಗೆ ಬೇರೆ ಕೊಟ್ಟಿಗೆ ಕಟ್ಟಲು ಜಾಗವಿರಲಿಲ್ಲ. ಇದ್ದ ಕೊಟ್ಟಿಗೆಯನ್ನೇ ನಡುವೆ ಭಾಗ ಮಾಡಬೇಕು. ಮಾವ ತಗಡು ತರುತ್ತೇನೆ ಎಂದರು, ಗಾಳಿ ಆಡುವುದಿಲ್ಲ ಎಂದೆ. ಆಗ ಅವರ ತಲೆಗೆ ಹೊಳೆಯಿತು. ಕೋಡಿಯ ನಮ್ಮ ಮನೆಯ ಹಿಂದೆ ಹಳೆಯ ಬಲೆಯ ಮುದ್ದೆ ಬಿದ್ದಿತ್ತು. ತಂದು, ಮಾಡಿನಿಂದ ನೆಲದವರೆಗೆ ಬಿಗಿಯಾಗಿ ಎಳೆದು ಕಟ್ಟಿದರು. ಆಚೆ ಕಡೆ ತಾಯಂದಿರು, ಈಚೆ ಕಡೆ ಮರಿಗಳು. ಗಾಳಿಯೂ ಬರುತ್ತದೆ, ಬೆಳಕೂ ಬರುತ್ತದೆ, ಪುಕ್ಕಟೆ. ನಾನು ಫೋಟೋ ತೆಗೆದು ನನ್ನ ಜೊತೆ ಓದಿದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಕರಾವಳಿಯ ತಂತ್ರಜ್ಞಾನ ಎಂದು ಅಡಿಯಲ್ಲಿ ಬರೆದೆ. ಬಹಳ ಹೆಬ್ಬೆರಳು ಬಂದವು.

ತಿಂಗಳಿಗೊಮ್ಮೆ ಹೋಗಿ ಮರಿಗಳ ತೂಕ ನೋಡುತ್ತಿದ್ದೆ. ಎಲ್ಲವೂ ಪುಷ್ಟಿಯಾಗಿದ್ದವು. ಮಾವನಿಗೆ ಒಂದೇ ದೂರು. “ಬಾಟ್ಲಿ ಹಾಲ್ ಅರ್ಧಕ್ಕ್ ಬಿಡ್ತ್ವೆ. ಹೊಟ್ಟಿ ತುಂಬಿದ್ ಹಾಂಗ್ ಮಾಡ್ತ್ವೆ.” ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಹಾಲು ಕಡಿಮೆ ಕುಡಿಯುತ್ತಿವೆ, ಆದರೂ ತೂಕ ಉತ್ತಮ, ಆರೈಕೆ ಚೆನ್ನಾಗಿದೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ನಾನೇ ದೊಡ್ಡ ಡಾಕ್ಟರು ಎಂದು ಅನ್ನಿಸಿದಾಗ ತೆಗೆದು ಓದುತ್ತೇನೆ.

ಆರು ತಿಂಗಳಿನ ಎರಡನೇ ಪರೀಕ್ಷೆಗೆ ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಪ್ರತಿ ಸಲವೂ ನಾನು ಹೋಗುವುದಕ್ಕೆ ಮೊದಲೇ ಮಾವ ಆಡುಗಳನ್ನು ಹೊರಗೆ ಕಟ್ಟಿ ಸಿದ್ಧ ಮಾಡಿ ಇಡುತ್ತಿದ್ದರು. ಅವತ್ತು ನಾವು ಒಂದು ಗಂಟೆ ಬೇಗ ಮುಟ್ಟಿದ್ದೆವು. ಕೊಟ್ಟಿಗೆಯೊಳಗೆ ಕಾಲಿಟ್ಟರೆ ಮರಿಗಳ ಮುಖವೇ ಕಾಣಲಿಲ್ಲ. ಕಂಡದ್ದು ಏಳು ಬಾಲ. ಸಾಲಾಗಿ, ನಮ್ಮ ಕಡೆಗೆ, ಒಂದಕ್ಕಿಂತ ಒಂದು ಜೋರಾಗಿ ಅಲ್ಲಾಡುತ್ತಿದ್ದವು. ಏಳು ಮೂತಿಯೂ ಬಲೆಯಲ್ಲಿ ತೂರಿ ಆಚೆ ಹೋಗಿತ್ತು. ಆಚೆ ತಾಯಂದಿರು ಬಲೆಗೆ ಕೆಚ್ಚಲು ಒತ್ತಿ, ಮೆಲುಕು ಹಾಕುತ್ತ, ಏನೂ ಗೊತ್ತಿಲ್ಲದವರ ಹಾಗೆ ಗೋಡೆ ನೋಡುತ್ತ ನಿಂತಿದ್ದವು. ಮರಿಗಳಿಗೆ ಅವು ಬಲೆ ಕಟ್ಟಿದ ದಿನದಿಂದ ಬಿಸಿಯೂಟ ಬಡಿಸುತ್ತಿದ್ದವು. ಬಾಟಲಿಯ ಹಾಲು ಮರಿಗಳಿಗೆ ಮೇಲಿನ ತಿಂಡಿ.

ಅಮ್ಮ ಹತ್ತಿರ ಹೋಗಿ ಬಲೆಗೆ ಕೈ ಹಾಕಿದಳು. ಎರಡು ಬೆರಳು ಬೇಕಾಗಲಿಲ್ಲ, ಇಡೀ ಕೈ ಹೋಯಿತು.

“ಇದ್ ಅಂಜಲ್ ಬಲೆ,” ಅಂದಳು. “ಇಷ್ಟ್ ದೊಡ್ಡ್ ಮೀನ್ ಹಿಡುಕೆ ಮಾಡಿದ್. ಸಣ್ಣದ್ ಎಲ್ಲಾ ಆಚೆ ಹೋಯ್ಕ್ ಅಂತ್ಲೇ ಇದ್ರ್ ಕಣ್ಣ್ ದೊಡ್ಡದ್. ಅಣ್ಣನಿಗ್ ಗೊತ್ತಿಲ್ಲೆ, ಅವ ಬೊಂಬಾಯಿಯಾಗ್ ಬಟಾಟಿ ಸುಲ್ದವ. ನಿಂಗ್ ಎಂತ ಆಯ್ತ್? ನೀನ್ ಕೋಡಿಯಾಗ್ ಹುಟ್ಟಿದ್ ಹೆಣ್ಣಲ್ದಾ?”

ಹಾಸ್ಟೆಲಿನಲ್ಲಿ ಯಾರಾದರೂ ಮೀನಿನವಳು ಎಂದರೆ ಎದೆ ಸೆಟೆಸಿ ಹೌದು ಎನ್ನುತ್ತಿದ್ದೆ. ಬಲೆ ಕಟ್ಟುವ ದಿನ ಅದರ ಕಣ್ಣಿನ ಅಳತೆ ನೋಡಲು ಒಂದು ಬೆರಳನ್ನೂ ಎತ್ತಿರಲಿಲ್ಲ. ಬಲೆಯ ಅಳತೆ ಸಿಲಬಸ್ಸಿನಲ್ಲಿ ಇರಲಿಲ್ಲ ಎಂದು ಹೇಳಿದರೆ ಅಮ್ಮ ಹೊಡೆಯುತ್ತಿದ್ದಳು.

ಎರಡನೇ ಪರೀಕ್ಷೆಯ ಫಲಿತಾಂಶ ಆ ಅವಮಾನಕ್ಕಿಂತ ಕೆಟ್ಟದಾಗಿತ್ತು. ಹತ್ತೊಂಬತ್ತರಲ್ಲಿ ಒಂದಕ್ಕೆ ರೋಗ. ಬಲಗಿವಿ ತುಂಡಾದ ಹಳೆಯ ಆಡು, ಮಾವ ಮೊದಲು ತಂದ ಎರಡರಲ್ಲಿ ಒಂದು. ಹಿಂಡು ಹೋಗುವುದು ಅದರ ಹಿಂದೆ. ಮಾವ ತಮ್ಮ ಚಹಾದ ಕೊನೆಯ ಗುಟುಕನ್ನು ಬಸಿಗೆ ಹಾಕಿ ಕೊಡುವುದು ಅದಕ್ಕೊಂದಕ್ಕೆ. ಬಲೆಯ ಪಕ್ಕ ನಿಂತು ಹಾಲು ಕೊಟ್ಟವರಲ್ಲಿ ಅದೂ ಇತ್ತು. ಮರಿಗಳು ತಮ್ಮ ತಾಯಿ ಯಾರು ಎಂದು ನೋಡಿ ಕುಡಿದವಲ್ಲ, ಎದುರಿಗೆ ಬಂದ ಕೆಚ್ಚಲಿಗೆ ಬಾಯಿ ಹಾಕಿದವು. ಏಳರಲ್ಲಿ ಯಾವುದಕ್ಕೆ ರೋಗ ಹೊಕ್ಕಿದೆ, ಯಾವುದಕ್ಕೆ ಇಲ್ಲ ಎಂಬುದು ಅವು ಎರಡು ವರ್ಷದವಾಗುವವರೆಗೆ ಗೊತ್ತಾಗುವಂತಿಲ್ಲ.

ಹಿಂಡಿನ ಮುಂದಿನ ಕಾಲವೆಲ್ಲ ಆ ಏಳರ ಮೇಲೆ ನಿಂತಿತ್ತು. ಮಾವನ ಮುಂದೆ ಕೂತು, ತಪ್ಪು ನನ್ನದು ಎಂದೆ.

“ಬಲೆ ಕಟ್ಟಿದ್ ನಾನ್.”

“ಕಂಡದ್ದ್ ನಾನ್ ಮಾವ. ಫೋಟೋ ತೆಗ್ದದ್ದೂ ನಾನ್.”

ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು. “ಹಾಂಗಾರ್ ಇಬ್ರದ್ದೂ. ಏಳರಾಗ್ ಒಂದಕ್ಕ್ ಬಂದ್ರೂ ನಾನ್ ಹೊರಟೆ. ಟಿಕೇಟ್ ನೀನೇ ತೆಗುಕ್.”

ಮರುದಿನವೇ ಅಮ್ಮ ಬೈಗೆ ಎಂಬ ಸಣ್ಣ ಮೀನಿನ ಬಲೆ ಹೊತ್ತುಕೊಂಡು ಬಂದಳು, ಕಿರುಬೆರಳೂ ತೂರದಂಥ ಸಣ್ಣ ಕಣ್ಣಿನದು. ಒಂದು ಸಾಲು ಸಾಕು ಎಂದರು ಮಾವ. ಅಮ್ಮ ಕೇಳಲಿಲ್ಲ. ಎರಡು ಸಾಲು ಕಟ್ಟಿದಳು, ನಡುವೆ ಒಬ್ಬರು ಬುಟ್ಟಿ ಹೊತ್ತು ನಡೆಯುವಷ್ಟು ಜಾಗ ಬಿಟ್ಟು. ಮರಿ ಮೂತಿ ಒತ್ತಿದರೂ ಆಚೆ ಏನೂ ಸಿಗಬಾರದು. ಪುಸ್ತಕದಲ್ಲಿ ಎರಡು ಬೇಲಿ ಇರಬೇಕು ಎಂದು ಬರೆದದ್ದನ್ನು ನಾನು ಓದಿದ್ದೆ. ಅಮ್ಮ ಓದಿರಲಿಲ್ಲ.

ಹಳೆಯ ಆಡನ್ನು ಬೇರೆ ಕಟ್ಟಿದ್ದೆವು. ನೋಡಲು ಅದಕ್ಕೆ ಏನೂ ಆಗಿರಲಿಲ್ಲ, ಮೈ ಕೈ ತುಂಬಿಕೊಂಡಿತ್ತು. ಅಂಥ ಹೊತ್ತಿಗೇ ತೆಕ್ಕಟ್ಟೆಯ ದಲ್ಲಾಳಿಯೊಬ್ಬ ಬಂದ. ನಾನು ಕೊಟ್ಟಿಗೆಯ ಹಿಂದೆ ಸುಣ್ಣ ಹಾಕುತ್ತಿದ್ದೆ, ನಾನಿರುವುದು ಇಬ್ಬರಿಗೂ ಗೊತ್ತಿರಲಿಲ್ಲ.

“ಹ್ವಾಯ್, ಆ ತುಂಡ್ ಕಿವಿದ್ ಕೊಡಿ. ಬೈಂದೂರ್ ಬದಿಯವ್ರ್ ಸಾಕುಕೆ ಕೇಂತಿದ್ರ್,” ಅಂದ ದಲ್ಲಾಳಿ.

“ಅದ್ಕ್ ರೋಗ ಇತ್ತ್,” ಅಂದರು ಮಾವ.

“ನಂಗ್ ಎಂತದೂ ಕಾಂತಿಲ್ಲೆ.”

“ಕಿವಿರ್ ಎತ್ತಿ ಕಾಂಬುಕೆ ಇದೆಂತ ಬಂಗ್ಡಿಯಾ? ನನ್ ಸೊಸಿ ಡಾಕ್ಟ್ರ್. ಆ ಹೆಣ್ಣ್ ಬ್ಯಾಡ ಅಂದಿತ್. ಇದ್ ಇನ್ನೊಬ್ಬರ ಕೊಟ್ಟಿಗಿಗ್ ಹೋಪುದಲ್ಲ. ಚಲ್, ಚಾ ಕುಡಿತ್ಯಾದ್ರೆ ಕುಡಿ, ಇಲ್ದಿದ್ರೆ ಹೋಗ್.”

ನನ್ನ ಸೊಸೆ ಡಾಕ್ಟರು ಎಂದು ಮಾವ ತಮಾಷೆಯಿಲ್ಲದೆ ಹೇಳಿದ್ದನ್ನು ಅವತ್ತೇ ಮೊದಲು ಕೇಳಿದ್ದು. ನಾನು ಸದ್ದಾಗದ ಹಾಗೆ ಸುಣ್ಣ ಹಾಕಿದೆ.

ಆ ವಾರವೇ ಹಳೆಯ ಆಡಿಗೆ ಇಂಜೆಕ್ಷನ್ ಕೊಟ್ಟೆ. ಮಾವ ಬಸಿಯಲ್ಲಿ ಚಹಾ ಕೊಟ್ಟರು, ಅದು ಕುಡಿಯಿತು, ಆಮೇಲೆ ನಾನು ನನ್ನ ಕೆಲಸ ಮಾಡಿದೆ. ಬಾವಿಯಿಂದ ದೂರ, ಆಳ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಮಾವ ಅದರ ಕೊರಳಿನ ಒಂದನೇ ನಂಬರಿನ ಬೆಂಡನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಮೊಳೆಗೆ ನೇತು ಹಾಕಿದರು. ಆ ನಂಬರನ್ನು ಇನ್ಯಾವ ಆಡಿಗೂ ಕಟ್ಟಲಿಲ್ಲ.

ಆಮೇಲಿನ ಎರಡೂವರೆ ವರ್ಷದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಆರು ತಿಂಗಳಿಗೊಮ್ಮೆ ಐಸು, ಪೆಟ್ಟಿಗೆ, ಬಸ್ಸು, ಮೂಗು ಮುಚ್ಚಿದ ಕಂಡಕ್ಟರು. ಹೊರಗಿನಿಂದ ಒಂದು ಆಡನ್ನೂ ಮಾವ ತರಲಿಲ್ಲ, ಪ್ರದರ್ಶನಕ್ಕೆ ಹೋದರೂ ಕೈ ಹಿಂದೆ ಕಟ್ಟಿಕೊಂಡು ಬಂದರು. ಹೊಸದಾಗಿ ಹುಟ್ಟಿದ ಮರಿಗಳೆಲ್ಲ ಬಾಟಲಿಯ ಹಾಲನ್ನು ಕೊನೆಯ ತೊಟ್ಟಿನವರೆಗೆ ಎಳೆದು ಕುಡಿಯುತ್ತಿದ್ದವು, ಸಾಲದು ಎಂದು ಮಾವನ ಲುಂಗಿಯನ್ನೂ ಚೀಪುತ್ತಿದ್ದವು. ಏಳರಲ್ಲಿ ಒಂದು, ಇಪ್ಪತ್ತೇಳನೇ ನಂಬರಿನದು, ಒಂದು ಮಳೆಗಾಲದಲ್ಲಿ ಸೊರಗಿತು. ಮಾವ ಫೋನಿನಲ್ಲಿ ಇಷ್ಟೇ ಅಂದರು: “ಇಪ್ಪತ್ತೇಳ್. ಬೆನ್ನ್ ಕಾಂತಿತ್.” ನಾನು ಅವತ್ತೇ ಓಡಿದೆ. ಲ್ಯಾಬಿನ ಉತ್ತರ ಬರುವವರೆಗಿನ ದಿನಗಳಲ್ಲಿ ಮಾವ ಬೊಂಬಾಯಿಯ ಹಳೆಯ ಗೆಳೆಯನಿಗೆ ಎರಡು ಸಲ ಫೋನು ಮಾಡಿದ್ದರು ಎಂದು ಅಮ್ಮ ಹೇಳಿದಳು. ಕೊನೆಗೆ ನೋಡಿದರೆ ಹೊಟ್ಟೆಯಲ್ಲಿ ಹುಳ. ಬರೀ ಹುಳ. ಹುಳ ಕಂಡು ಇಷ್ಟು ಸಂತೋಷಪಟ್ಟ ಕುಟುಂಬ ಇನ್ನೊಂದಿರಲಿಕ್ಕಿಲ್ಲ.

ಮೂರನೇ ವರ್ಷದ ಕೊನೆಗೆ ಬ್ರಹ್ಮಾವರದ ಒಬ್ಬರು ಹೊಸದಾಗಿ ಆಡು ಸಾಕಲು ಹೊರಟು, ತಳಿಗೆ ಮರಿ ಬೇಕು ಎಂದು ಮಾವನನ್ನು ಕೇಳಿದರು. ಪರೀಕ್ಷೆಯಾದ ಹಿಂಡಿನದ್ದೇ ಬೇಕು, ಕಾಗದ ಬೇಕು ಎಂದರು. ಏಳೂ ಮರಿಗಳಿಗೆ ಆಗ ಎರಡು ವರ್ಷ ದಾಟಿತ್ತು. ನನ್ನ ಮಾವನ ಹಿಂಡು ಎಂದು ಯಾರೂ ಬೆರಳು ತೋರಿಸಬಾರದೆಂದು ಕೊನೆಯ ಮಾದರಿ ತೆಗೆಯಲು ಬೇರೆ ಆಸ್ಪತ್ರೆಯ ಡಾಕ್ಟರನ್ನು ಕರೆಸಿದೆ. ನಾನು ಕೊಂಬು ಹಿಡಿದೆ.

ಲ್ಯಾಬಿನ ವರದಿ ನನ್ನ ಮೊಬೈಲಿಗೆ ಬಂದಾಗ ನಾನು ಯಾರದೋ ಎಮ್ಮೆಯ ಹಿಂದೆ ತೋಳಿನವರೆಗೆ ಕೈ ಹಾಕಿ ನಿಂತಿದ್ದೆ. ಎಮ್ಮೆಯ ಯಜಮಾನನಿಗೆ ಫೋನು ಹಿಡಿದು ಮೇಲಿಂದ ಕೆಳಗೆ ಸರಿಸುತ್ತ ಹೋಗಲು ಹೇಳಿದೆ. ಒಂದೊಂದೇ ನಂಬರು, ಪಕ್ಕದಲ್ಲಿ ಇಲ್ಲ, ಇಲ್ಲ, ಇಲ್ಲ. ರಕ್ತದಲ್ಲೂ ಇಲ್ಲ, ಹಿಕ್ಕೆಯಲ್ಲೂ ಇಲ್ಲ. ಹಳೆಯ ಆಡು ಹೋದ ಮೇಲೆ ಇದು ಸಾಲಾಗಿ ಐದನೇ ಸಲ. “ಎಂತ ಅಮ್ಮ, ಲಾಟ್ರಿಯಾ?” ಎಂದು ಅವರು ಕೇಳಿದರು. ಹೌದು ಎಂದೆ.

ಪ್ರಮಾಣಪತ್ರವನ್ನು ನಾನೇ ಟೈಪು ಮಾಡಿದೆ, ಇಬ್ಬರ ಸಹಿ, ಮೊಹರು. ಕುಂದಾಪುರದಲ್ಲಿ ಲ್ಯಾಮಿನೇಷನ್ನೂ ಮಾಡಿಸಿದೆ. ಉಪ್ಪಿನ ಗಾಳಿಯ ನೆಪ ಈ ಸಲ ಸಿಗಬಾರದು.

ಕಿರಿಮಂಜೇಶ್ವರಕ್ಕೆ ಹೋದಾಗ ಅಮ್ಮ ಅಲ್ಲೇ ಇದ್ದಳು, ಹರಿದ ಬಲೆಗೆ ದಾರ ಹಾಕುತ್ತ. ಮಾವ ಲುಂಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಅಕ್ಷರಕ್ಕೆ ಬೆರಳಿಟ್ಟು ನಿಧಾನ ಓದಿದರು. ಸತತ ಪರೀಕ್ಷೆಗಳಲ್ಲಿ ಈ ಹಿಂಡಿನ ಯಾವ ಆಡಿನಲ್ಲೂ ಜೋನ್ಸ್ ಕಾಯಿಲೆ ಕಂಡುಬಂದಿಲ್ಲ.

“ಮೂರ್ ವರ್ಷ ಹಿಕ್ಕಿ ತೆಗ್ದ್, ‘ರೋಗ ಇಲ್ಲೆ’ ಅಂತ ಬರಿಯುಕೆ ಕೈ ಬಪ್ಪುದಿಲ್ಯಾ ನಿಂಗ್?”

“ಕಂಡುಬಂದಿಲ್ಲ ಅಂತ್ಲೇ ಬರೀಕ್ ಮಾವ. ಅದೇ ಸತ್ಯ. ಮುಂದಿನ ವರ್ಷವೂ ಕಾಣ್ಕ್.”

ಮಾವ ತಲೆಯಾಡಿಸಿದರು. ಬೆರಳು ಕೆಳಗೆ ಸರಿಯಿತು, ಸಹಿಯ ಅಡಿಯಲ್ಲಿ ನನ್ನ ಹೆಸರು, ಅದರ ಮುಂದೆ ಡಿಗ್ರಿಯ ಅಕ್ಷರಗಳು. ಅಲ್ಲಿ ಬೆರಳು ನಿಂತಿತು, ಓದಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು. ಬಾಗಿಲ ಹೊರಗೆ ಇಪ್ಪತ್ತೇಳನೇ ನಂಬರು ಕ್ರೇಟಿಗೆ ಮುಂಗಾಲು ಕೊಟ್ಟು ನಿಂತು ಸೊಪ್ಪು ಎಳೆಯುತ್ತಿತ್ತು. ಮಾವ ಅದನ್ನು ನೋಡಿದರು, ನನ್ನನ್ನು ನೋಡಿದರು, ಮೊಳೆಯಲ್ಲಿದ್ದ ಬಟ್ಟೆಯ ಚೀಲ ತೆಗೆದು ಕೊಡವಿದರು.

“ಸಾಮಾನಿನ್ ಚೀಟಿ ಬರ್ದ್ ಕೊಡ್ ಹೆಣೆ,” ಅಂದರು. “ನಾಳೆ ಸಂತಿಗ್ ಆಡನ್ನೇ ಕಳ್ಸ್ತೆ.”